ಅಂಟಿಸಿದ ಹಾಲ್ ಟಿಕೆಟ್

ಅನ್ನಪೂರ್ಣ,

ರಾತ್ರಿ ಕಾಗದ ಹರಿಯುವ ಸದ್ದು ಕೇಳಿಸಿತ್ತು. ರದ್ದಿ ಇರಬೇಕೆಂದು ಸುಮ್ಮನೆ ಮಲಗಿದೆ. ಬೆಳಿಗ್ಗೆ ನೋಡಿದರೆ ನಿನ್ನ ಎಂ.ಬಿ.ಎ. ಪ್ರವೇಶ ಪರೀಕ್ಷೆಯ ಹಾಲ್ ಟಿಕೆಟ್ ಕಸದ ಬುಟ್ಟಿಯಲ್ಲಿ ನಾಲ್ಕು ತುಂಡಾಗಿ ಬಿದ್ದಿತ್ತು. ಅನ್ನದ ಅಗುಳಿನಿಂದ ಅಂಟಿಸಿ ಡಿಕ್ಷನರಿಯೊಳಗೆ ಇಟ್ಟಿದ್ದೇನೆ. ಒಣಗುವ ತನಕ ಮುಟ್ಟಬೇಡ. ಫೋಟೋ, ನಂಬರು ಎರಡೂ ಕಾಣುತ್ತವೆ.

ನಿನ್ನೆ ನಿಮ್ಮಣ್ಣ ನಿನ್ನಿಂದ ಇಂಗ್ಲಿಷ್ ಪೇಪರ್ ಜೋರಾಗಿ ಓದಿಸಿ, ಮನೆ ಓನರ್ ಮಗಳು ಅರ್ಪಿತಳ ಎದುರಿಗೇ "ಡಿಗ್ರಿ ಮುಗಿಸಿ ಹಿಂಗ ಓದ್ತೀಯೇನವಾ? ನಿನಗಿಂತ ಸಾಲಿ ಹುಡುಗೂರು ಪಾಡ!" ಎಂದು ನಕ್ಕದ್ದು ತಪ್ಪು. ಅತ್ತಿಗೆಯಾಗಿ ನಾನು ಅವರನ್ನು ತಡೆಯದೆ ಹೋದದ್ದೂ ತಪ್ಪೇ.

ಪರೀಕ್ಷೆಯಲ್ಲಿ ಯಾರೂ ಜೋರಾಗಿ ಓದಿಸುವುದಿಲ್ಲ. ಇವತ್ತು ಮನಸ್ಸಿನಲ್ಲೇ ಓದು. ಪ್ರತಿ ಪದಕ್ಕೂ ಅರ್ಥ ಬರೆಯುತ್ತ ನಿಲ್ಲಬೇಡ. ರೊಟ್ಟಿ ಡಬ್ಬಿಯಲ್ಲಿದೆ, ಉಪವಾಸ ಕೂರಬೇಡ.

ಭಾನುವಾರ ಜಯನಗರದ ಸೆಂಟರಿಗೆ ನಾನೂ ಬರುತ್ತೇನೆ. ಟಿಕೆಟ್ ನೋಡಿ ಒಳಗೆ ಬಿಡದಿದ್ದರೆ ಅವರ ಹತ್ತಿರ ನಾನೇ ಮಾತಾಡುತ್ತೇನೆ. ಅದು ಹೇಗೆ ಹರಿಯಿತೆಂದು ಮಾತ್ರ ಯಾರಿಗೂ ಹೇಳುವುದಿಲ್ಲ, ನಿಮ್ಮಣ್ಣನಿಗೂ.

ವೈನಿ