ಹೆದರಿಕೆ ಇರುವಾಗಲೇ

ಭಾನುವಾರ, ಬೆಳಿಗ್ಗೆ

ಮುದ್ದಿನ ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನ ಬೈಗುಳವನ್ನೆಲ್ಲ ಪೂರ್ತಿ ಕೇಳಿಸಿಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ನೀನು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಕಸ್ಟರ್ಡ್ ಮಾಡುವುದನ್ನು ನಾನು ಬೇಕೆಂದೇ ತಪ್ಪು ಹೇಳಿಕೊಟ್ಟೆ ಅಂದೆಯಲ್ಲ, ಎಲ್ಲಿ ತಪ್ಪು ತೋರಿಸು. ಹಾಲು ಉಗುರುಬೆಚ್ಚಗಿರಲಿ ಅಂದೆ. ಮೊಟ್ಟೆಯನ್ನು ನೊರೆ ಬಾರದ ಹಾಗೆ ಕಲಸು, ಸೋಸು, ಬಟ್ಟಲುಗಳನ್ನು ಬಿಸಿನೀರಿನ ಟ್ರೇಯಲ್ಲಿ ಕೂರಿಸಿ ಓವನ್‌ಗೆ ಇಡು ಅಂದೆ. ಕೊನೆಗೆ, ಹೆದರಿಕೆ ಇರುವಾಗಲೇ ತೆಗೆ ಅಂದೆ. ನೀನು ಹೂಂಗುಟ್ಟಿದೆ. ಯಾರಿಗೆ ಹೆದರಿಕೆ ಅಂತ ಒಂದು ಮಾತು ಕೇಳಿದ್ದರೆ ಹೇಳದೆ ಇರುತ್ತಿದ್ದೆನೇ? ಇರುತ್ತಿದ್ದೆನೇನೋ, ಬಿಡು.

ಅದು ಅಮ್ಮನ ಮಾತು. ಬಟ್ಟಲು ಅಲುಗಿಸಿದರೆ ಕಸ್ಟರ್ಡಿನ ಅಂಚು ಗಟ್ಟಿಯಾಗಿ ನಿಂತು ನಡು ಮಾತ್ರ ನಡುಗುತ್ತದಲ್ಲ, ಅದನ್ನು ಅಮ್ಮ ಹೆದರಿಕೆ ಅನ್ನುತ್ತಿದ್ದಳು. ಆಗಲೇ ತೆಗೆದರೆ ಉಳಿದದ್ದು ತನ್ನ ಬಿಸಿಗೆ ತಾನೇ ಗಟ್ಟಿಯಾಗುತ್ತದೆ. ಒಂದು ದಿನ ಅಡುಗೆಮನೆಯಲ್ಲಿ ನಿಂತಿದ್ದರೆ ನಿನಗೂ ಗೊತ್ತಿರುತ್ತಿತ್ತು. ನೀನೋ, ಹೆದರಿಕೆ ನಿನಗೆ ಬರಬೇಕು ಅಂದುಕೊಂಡೆ! ಹುಟ್ಟಿದಾಗಿನಿಂದ ಯಾವುದಕ್ಕೂ ಹೆದರದವಳು, ಅದು ಕಲ್ಲಾಗುವವರೆಗೂ ಧೈರ್ಯವಾಗಿ ಕಾದೆ. ಮೈತುಂಬ ತೂತು, ತಳದಲ್ಲಿ ನೀರು, ಮೊಟ್ಟೆ ವಾಸನೆ. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ಹೋದ ವರ್ಷ ಹೋಟೆಲ್ ಮಾಲೀಕರು ನಮ್ಮ ಮನೆಗೆ ಊಟಕ್ಕೆ ಬಂದದ್ದು ನೆನಪಿದೆಯೇ? ನಾನು ಮಾಡಿದ್ದ ಕಸ್ಟರ್ಡ್ ಬಾಯಿಗಿಟ್ಟು, ಇದು ಯಾರ ಕೈರುಚಿ ಎಂದರು. ನಾನು ಒಳಗೆ ಓವನ್ ಒರೆಸುತ್ತಿದ್ದೆ. ನೀನು ಒಣಗಿದ್ದ ಕೈಯನ್ನೇ ಟವೆಲ್ಲಿಗೆ ಒರೆಸಿಕೊಳ್ಳುತ್ತಾ, ನನ್ನದೇ ಅಂದೆ. ಅವರ ಸಿಹಿ ವಿಭಾಗದ ಕೆಲಸ, ನಾನು ಆಸೆಪಟ್ಟಿದ್ದ ಕೆಲಸ, ನಿನ್ನ ಪಾಲಾಯಿತು. ಬಂದವರ ಮುಂದೆ ಬೇಡ ಎಂದು ಅಮ್ಮ ಕಣ್ಸನ್ನೆ ಮಾಡಿದಳು, ಬಾಯಿಗೆ ಬೀಗ ಹಾಕಿಕೊಂಡೆ. ಆ ಉರಿ ಮಾತ್ರ ಆರಲಿಲ್ಲ.

ಇಷ್ಟು ದಿನ ನೀನು ಅಲ್ಲಿ ಕೇಕ್ ಮಾಡಿ ತಪ್ಪಿಸಿಕೊಂಡೆ. ಅದೇ ಕಸ್ಟರ್ಡ್ ಬೇಕೆಂದು ಅವರು ಹಟ ಹಿಡಿದಾಗ ಅಕ್ಕ ನೆನಪಾದಳು. ಕೆಟ್ಟರೆ ಕೆಟ್ಟಿತು, ಓವನ್ ಸರಿಯಿಲ್ಲ ಅಂದಿದ್ದರೆ ಬಚಾವಾಗುತ್ತಿದ್ದೆಯಲ್ಲೇ. ಸಿಟ್ಟಿನಲ್ಲಿ ಮಾಲೀಕರ ಎದುರೇ, ನಮ್ಮಕ್ಕ ಹೇಳಿಕೊಟ್ಟದ್ದೇ ತಪ್ಪು ಅಂತ ಕೂಗಿಬಿಟ್ಟೆಯಂತೆ. ಅಯ್ಯೋ ಪುಟ್ಟಿ!

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಬೇಡ.

ನಿನ್ನ
ಅಕ್ಕ

ಹೇಳಲು ಮರೆತೆ: ನಿನ್ನೆ ಸಂಜೆ ಮಾಲೀಕರು ಆ ಅಕ್ಕನನ್ನು ಹುಡುಕಿಕೊಂಡು ಮನೆಗೇ ಬಂದಿದ್ದರು. ನಾನು ಮಾಡಿಕೊಟ್ಟ ಕಸ್ಟರ್ಡಿನ ಬಟ್ಟಲು ಖಾಲಿ ಮಾಡಿ, ಒಂದನೇ ತಾರೀಖಿನಿಂದ ನೀವೇ ಬನ್ನಿ ಅಂದರು. ನಿನ್ನನ್ನು ತೆಗೆದುಬಿಡಲೇ ಎಂದೂ ಕೇಳಿದರು. ಬೇಡ, ನನ್ನ ಕೈಕೆಳಗೆ ಟ್ರೇ ತೊಳೆದುಕೊಂಡಿರಲಿ ಅಂದೆ. ಬೇಗ ಬಾ. ಹೆದರಿಕೆ ಅಂದರೆ ಏನು ಅಂತ ಪಕ್ಕದಲ್ಲೇ ನಿಂತು ಕಲಿಸುತ್ತೇನೆ.