ಐದನೆಯ ಖೋಲಿಯ ಬಾಗಿಲು

ವಾಡೆಯ ಹೋಟೆಲು, ಜಮಖಂಡಿ ಹತ್ತಿರ
೧೮-೨-೨೦೧೨, ಶನಿವಾರ

ಪ್ರೀತಿಯ ತಮ್ಮ ಮಾಳಿಂಗರಾಯನಿಗೆ ಅಕ್ಕ ಹಣಮವ್ವನ ಆಶೀರ್ವಾದ.

ನಿನ್ನ ಸಕ್ಕರೆ ಬೇನೆ ಹೇಗಿದೆ? ಚಹಾಕ್ಕೆ ಎರಡು ಚಮಚ ಹಾಕಿಕೊಳ್ಳುವುದನ್ನು ಬಿಟ್ಟೆಯೋ ಇಲ್ಲವೋ? ಮೊಳಕಾಲು? ಅಕ್ಷರ ತಪ್ಪಿದ್ದರೆ ಮೂರನೆಯ ಇಯತ್ತೆಗೇ ನನ್ನ ಸಾಲಿ ಬಿಡಿಸಿ ಕುರಿಯ ಹಿಂದೆ ಕಳಿಸಿದ ಅಪ್ಪನನ್ನು ಬೈ. ನಾನಿರುವ ಬೆಳಗಲಿಯಿಂದ ನಿನ್ನ ಸಮೀರವಾಡಿಗೆ ನಡೆದೇ ಬರಬಹುದು, ಆದರೂ ಹನ್ನೆರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ. ಎಲ್ಲ ಆ ಬಾಗಿಲಿನ ದೆಸೆಯಿಂದ. ಆಣೆಕಟ್ಟಿನ ಹಿನ್ನೀರು ಬರುತ್ತದೆಂದು ಊರವರೆಲ್ಲ ಮನೆ ಕೀಳುವಾಗ, ನಾನು ಕುರಿ ಹೊಡೆದುಕೊಂಡು ಹೊಸ ಊರಿಗೆ ಹೋದ ದಿನವೇ ನೀನು ನಮ್ಮ ತಲೆಬಾಗಿಲು ಟ್ರ್ಯಾಕ್ಟರಿಗೆ ಹೇರಿಬಿಟ್ಟೆ. ಎಲ್ಲಿ ಎಂದರೆ, “ಸುಡಾಕ ಇಟ್ಟಂಗಿ ಭಟ್ಟಿಗೆ ಹೋತು, ಏನ್ ಮಾಡ್ತಿ ಮಾಡು” ಅಂದೆ. ನಾನು ಅಂದದ್ದನ್ನು ಕಾಗದದ ಮೇಲೆ ಬರೆಯಬಾರದು.

ನನ್ನ ಮೊಮ್ಮಗಳು ವೈಶಾಲಿ ಈ ಹೋಟೆಲಿನವರ ದ್ರಾಕ್ಷಿ ತೋಟದಲ್ಲಿ ಸೂಪರ್‌ವೈಸರ್. ಕೆಲಸದವರ ಮನೆಯ ಹಿರಿಯರನ್ನು ವಾಡೆಯಲ್ಲಿ ಎರಡು ದಿನ ಪುಕ್ಕಟೆ ಇಟ್ಟುಕೊಳ್ಳುತ್ತಾರೆಂದು ಎಳೆದು ತಂದಳು. ಹಿಂದಿನ ದೇಸಾಯರ ವಾಡೆ, ಈಗ ಹೋಟೆಲು. ಕುದುರೆಗೆ ನೀರಿಡುತ್ತಿದ್ದ ಕಲ್ಲಿನ ಡೋಣಿಯಲ್ಲಿ ದೊಡ್ಡ ದೊಡ್ಡ ಮಂದಿ ಸ್ನಾನಕ್ಕೆ ಕೂರುತ್ತಾರೆ. ಜೋಳ ತುಂಬುವ ನೆಲದೊಳಗಿನ ಹಗೇವಿನಲ್ಲಿ ವೈನ್ ಬಾಟಲಿಗಳನ್ನು ಕೂಸು ಮಲಗಿಸಿದ ಹಾಗೆ ಮಲಗಿಸಿದ್ದಾರೆ. ಒಂದು ಗುಟುಕು ಕುಡಿದು ನೋಡಿದೆ. ಹುಳಿ ಬಂದ ಅಂಬಲಿ ಅದಕ್ಕಿಂತ ಛಲೋ.

ನನಗೆ ಕೊಟ್ಟದ್ದು ಐದನೆಯ ಖೋಲಿ. ಕಸ ಗುಡಿಸುವ ಮಾದೇವಿ, “ಆಯಿ, ಈ ಬಾಗಲಾ ಕೂಡಂಗಿಲ್ರಿ, ಕುರ್ಚಿ ಅಡ್ಡ ಇಟ್ಕೋರಿ” ಅಂದಳು. ನಾನು ವಿಚಾರ ಮಾಡಲೇ ಇಲ್ಲ ಮಾಳಿಂಗ. ಎಡಗಾಲಿನ ಹೆಬ್ಬೆರಳು ತಾನಾಗಿ ಕದದ ಕೆಳಗೆ ಹೋಗಿ ಎತ್ತಿತು, ಭುಜ ತಳ್ಳಿತು. ಕಟಕ್ಕನೆ ಕೂತಿತು. ಇದು ನಮ್ಮ ತಲೆಬಾಗಿಲೆಂದು ಕಣ್ಣಿಗಿಂತ ಮೊದಲು ಕಾಲಿಗೆ ಗುರುತು ಸಿಕ್ಕಿತ್ತು. ಬಗ್ಗಿ ನೋಡಿದರೆ ಕೆಳಗೆ ಕುರಿಮರಿ ದಾಟುವಷ್ಟು ತೂತು. ಅದಕ್ಕಾಗಿ ಅಪ್ಪ ನಿನ್ನ ಬೆನ್ನಿನ ಮೇಲೆ ಬಾರುಕೋಲು ಮುರಿದದ್ದು ನೆನಪಿದೆಯಲ್ಲ? ಯಾರು ಕೊರೆದರು ಎಂಬ ಮಾತು ಈಗ ಬೇಡ.

ಆ ತೂತಿನ ಮೇಲೆ ಹಿತ್ತಾಳೆಯ ಹಲಗೆ: “ದೇಸಾಯರ ಸಿಪಾಯಿಗಳು ಬಂದೂಕು ಹಾರಿಸುತ್ತಿದ್ದ ಕಿಂಡಿ.” ಮ್ಯಾನೇಜರ್ ದುಂಡೇಶನನ್ನು ಕರೆಸಿ, “ಮಕಾಡೆ ಮಲಕೊಂಡು ಹೊಡಿತಿದ್ನೇನೋ ನಿಮ್ಮ ಸಿಪಾಯಿ? ಯಾರಿಗೆ, ಕೋಳಿಗೆ?” ಎಂದು ಕೇಳಿದೆ. “ಬಂದವ್ರು ಫೋಟೋ ತಗೋತಾರ್ರಿ ಆಯಿ, ಇರ್ಲಿ ಬಿಡ್ರಿ” ಅಂದ. ಅದು ಇರಕೂಡದು. ಹಲಗೆ ತೆಗೆಯುವವರೆಗೆ ಹೊರಗೆ ಬರುವುದಿಲ್ಲವೆಂದು ಬಾಗಿಲು ಹಾಕಿಕೊಂಡೆ. ತೂತಿನಲ್ಲಿ ಕೈ ಹಾಕಿ, ಕದ ಎತ್ತಿ ಹೊರಗಿನಿಂದ ತೆಗೆಯುವ ಉಪಾಯ ನಿನಗೂ ನನಗೂ ಬಿಟ್ಟು ಇವರಿಗೇನು ಗೊತ್ತು? ಎರಡು ದಿನ ಹೋಗಿ ಇವತ್ತು ನಾಲ್ಕನೆಯ ದಿನ. ಮಾದೇವಿ ರೊಟ್ಟಿ, ಪುಂಡಿಪಲ್ಯ ತೂತಿನಿಂದಲೇ ಕೊಡುತ್ತಾಳೆ. “ನನ್ನ ನೌಕರಿ ಹೋಗತೈತಿ ಆಯಿ” ಎಂದು ವೈಶಾಲಿ ಹೊರಗೆ ಅಳುತ್ತಾಳೆ. ಅಳಲಿ.

ನಿನ್ನೆ ಬಾಗಿಲು ಒಡೆಯಲು ಬಡಿಗ ಗಿರಿಮಲ್ಲಪ್ಪನನ್ನು ಕಳಿಸಿದರು. ಇದನ್ನು ಇಲ್ಲಿ ನಿಲ್ಲಿಸಿದವನೇ ಅವನಂತೆ; ಒಡೆಯಲಿಲ್ಲ, ತೂತಿನ ಹತ್ತಿರ ಕುಳಿತು ಹೇಳಿದ. ಈ ಬಾಗಿಲು ತಂದುಕೊಟ್ಟವನು, “ನಮ್ಮ ಪತ್ರಾಸ್ ತಗಡಿನ ಶೆಡ್ಡಿಗೆ ಇದು ಕೂಡವಲ್ದು, ಭಟ್ಟ್ಯಾವ್ರು ಬೇಡಾಕತ್ತಾರ, ನನಗ ಸುಡಾಕ ಮನಸಿಲ್ಲ. ನಿಮ್ಮಲ್ಲಿ ನಿಲ್ಲಸ್ರಿ. ತೂತ ಮಾತ್ರ ಮುಚ್ಚಬ್ಯಾಡ್ರಿ, ಅದು ನಮ್ಮಕ್ಕಂದು” ಅಂದಿದ್ದನಂತೆ. ಇದನ್ನು ನನಗೇಕೆ ಹೇಳಲಿಲ್ಲ ಮೂಳ? ನಾನು ಹೇಳಿಸಿಕೊಳ್ಳುವ ಹಾಗೆ ಕೇಳಿರಲಿಲ್ಲ, ಅದೂ ಖರೆ.

ನಿನ್ನ ಹೆಂಡತಿ ಶೇವಂತಿಗೆ ನನ್ನ ನೆನಪು ಹೇಳು. ಬೀರಪ್ಪ ನಿಮ್ಮಿಬ್ಬರನ್ನೂ ತಂಪಾಗಿ ಇಟ್ಟಿರಲಿ.

ಇಂತಿ ನಿನ್ನ ಅಕ್ಕ
ಹಣಮವ್ವ

ತಾ.ಕ.: ದುಂಡೇಶ ಸೋತ. ಹಲಗೆ ಬದಲಿಸುತ್ತಾನಂತೆ, ಏನು ಬರೆಸಲಿ ಎಂದು ಈಗಷ್ಟೇ ತೂತಿನಿಂದ ಕಾಗದ ತೂರಿದ. “ಕುರಿಮರಿಗಾಗಿ ಕೊರೆದದ್ದು. ಕೊರೆದವಳು ಹಣಮವ್ವ, ಏಟು ತಿಂದವನು ಅವಳ ತಮ್ಮ ಮಾಳಿಂಗರಾಯ” ಎಂದು ಬರೆದುಕೊಟ್ಟೆ. ಅಪ್ಪನ ಮುಂದೆ ಅಂದೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಬಂದು ಓದಿ ನೋಡು. ನಾನು ಬಾಗಿಲು ತೆಗೆಯುವುದಿಲ್ಲ, ಹೊರಗಿನಿಂದ ನೀನೇ ತೆಗಿ.