ತೂಬಿನ ಕಲ್ಲಿಗೆ ಇಡಬೇಕಿದ್ದ ಕುಂಕುಮ

ಕ್ಯಾಲನೂರು
೨೨ ಅಕ್ಟೋಬರ್ ೨೦೨೪

ನನ್ನ ಮುದ್ದು ಅರುಣ್,

ಸಾವಿರ ಮುತ್ತುಗಳು! ಬರೆಯುತ್ತೇನೆ ಬರೆಯುತ್ತೇನೆ ಎಂದು ಹತ್ತು ದಿನ ಕಾಯಿಸಿದ್ದಕ್ಕೆ ಸಾರಿ, ಸಾರಿ, ಸಾರಿ. ಫೋನಿನಲ್ಲಿ ನಿಮ್ಮ ದನಿ ಕೇಳಿದ ಕೂಡಲೇ ನನಗೆ ನಗು ಬಂದುಬಿಡುತ್ತದೆ, ಜಗಳವಾಡಲು ಆಗುವುದಿಲ್ಲ. ಇವತ್ತು ಜಗಳವಾಡಲೇಬೇಕು. ನನ್ನದು ಕಾನ್ವೆಂಟ್ ಕನ್ನಡ, ತಪ್ಪಿದ್ದರೆ ಆಡಿಕೊಳ್ಳಬೇಡಿ.

ನೀವು ಕಳಿಸಿದ ಫೋಟೊ ನೋಡಿದೆ. ಅಬ್ಬಾ, ಎಂಥ ಗೋಡೆ! ಒಂದು ಕಡೆ ಕಡಲು, ಇನ್ನೊಂದು ಕಡೆ ಸಿಹಿನೀರು, ನಡುವೆ ಹೆಲ್ಮೆಟ್ ಹಾಕಿಕೊಂಡ ನನ್ನ ಗಂಡ! ಕಡಲು ತಡೆಯುವ ಅಣೆಕಟ್ಟೆಯ ಸುತ್ತ ಪಾರ್ಕು, ದಾರಿ, ಲೈಟ್‌ಹೌಸು ಎಲ್ಲವನ್ನೂ ಹೊಸದಾಗಿ ರೂಪಿಸುತ್ತಿರುವುದು ನೀವೇ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದೆ.

ಆದರೆ ಮದುವೆಯ ನೆನಪಿಗೆಂದು ಅದೇ ನಕ್ಷೆಯನ್ನು ಚಿಕ್ಕದು ಮಾಡಿ ನಮ್ಮ ಕೆರೆ ಏರಿಗೆ ಕೊಟ್ಟಿರಲ್ಲ, ಆ ಕೆಲಸ ಮುಗಿದಿದೆ. ಅರುಣ್, ಥೂ! ಹೊಂಗೆ ಮರಗಳಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಹುಲ್ಲು, ಬಿಸಿಲಿಗೆ ಸುಟ್ಟ ಚಪ್ಪಲಿಯ ಹಾಗೆ ನಾರುತ್ತದೆ. ಫೈಬರ್ ಡಾಲ್ಫಿನ್ ಬಾಯಿಯಲ್ಲಿ ಎರಡೇ ದಿನಕ್ಕೆ ಗುಟ್ಕಾ ಉಗುಳು. ಕಡಲೇ ಕಾಣದ ಊರಿಗೆ ಹಡಗಿನ ಲಂಗರು! ನೀರಿನ ಮೇಲೆ ಚಾಚಿದ ಹೃದಯದಾಕಾರದ ಸಿಮೆಂಟ್ ಕಟ್ಟೆಯ ಮೇಲೆ ಗುಲಾಬಿ ಬಣ್ಣದಲ್ಲಿ ‘ರಂಜಿತ ಪಾಯಿಂಟ್’. ಕೆಲಸ ನಡೆಯುವಾಗ ಸುತ್ತ ಕಟ್ಟಿದ್ದ ತಗಡನ್ನು ಶನಿವಾರ ಬಿಚ್ಚಿದ ಕೂಡಲೇ ಅಲ್ಲಿ ಇಪ್ಪತ್ತು ಸೆಲ್ಫಿ ತೆಗೆದುಕೊಂಡೆ. ಈಗ ಆ ಫೋಟೊಗಳನ್ನು ತೆರೆಯಲೂ ಮನಸ್ಸಿಲ್ಲ.

ಯಾಕೆಂದರೆ ಮರುದಿನ ಭಾನುವಾರ ತೂಬು ಎತ್ತುವ ದಿನ. ಕೆರೆಯ ನೀರನ್ನು ಗದ್ದೆಗೆ ಬಿಡುವ ಮೊದಲು, ಆ ವರ್ಷ ಬಂದ ಹೊಸ ಸೊಸೆ ತೂಬಿನ ಕಲ್ಲಿಗೆ ಅರಿಶಿನ ಕುಂಕುಮ ಇಡಬೇಕಂತೆ. ನಿಮ್ಮ ಅಜ್ಜಿ ತಮ್ಮ ಮದುವೆಯ ಸೀರೆಯನ್ನೇ ನನಗೆ ಉಡಿಸಿದರು. ನಲವತ್ತು ವರ್ಷದಿಂದ ನೀರು ಬಿಡುತ್ತಿರುವ ನೀರುಗಂಟಿ ಕದಿರಪ್ಪ ತಾತ ಸ್ನಾನ ಮಾಡಿ ಮುಂದೆ ನಡೆದರು. ಹೋಗಿ ನೋಡಿದರೆ ಕಲ್ಲುಗಳೇ ಇಲ್ಲ. ತೂಬು ಎತ್ತುವ ಕೋಲು ಕತ್ತರಿಸಿ, ಬಾಯಿ ಮುಚ್ಚಿ, ಅದರ ಮೇಲೆಯೇ ನಮ್ಮ ಹೃದಯ ಕೂತಿದೆ.

ತಾತ ನನ್ನ ಕಡೆ ತಿರುಗಿ, “ಅಮ್ಮಯ್ಯ, ಕುಂಕುಮ ಎಲ್ಲಿಗಿಕ್ತೀಯ? ಆ ಮೀನಿನ ಮೂತಿಗಿಕ್ಕು, ಅದೇನಾದ್ರೂ ನೀರು ಬಿಡ್ತದೇನೋ ನೋಡಾಣ” ಎಂದರು. ಎಲ್ಲರೂ ನಕ್ಕರು.

ಅಜ್ಜಿ ನಗಲಿಲ್ಲ. “ಲೇ ಕದಿರಪ್ಪ, ಹೊಸ ಹುಡ್ಗೀನ ಯಾಕ್ಲಾ ಆಡ್ಕೊಂತೀಯ? ಅವಳೇನ್ ಮಾಡಿದ್ಲು?”

“ಅವಳನ್ನಲ್ಲಕ್ಕ. ನಿನ್ ಮೊಮ್ಮಗ ಓದ್ದೋನು. ನನ್ನ ಒಂದ್ಮಾತು ಕೇಳಿದ್ರೆ ಅವನ ಗಂಟೇನು ಹೋಗ್ತಿತ್ತು?”

ಕೆರೆ ತುಂಬಿ ತುಳುಕುತ್ತಿದೆ, ಕೆಳಗೆ ನೀರಿಲ್ಲದೆ ಪೈರು ಹಳದಿಯಾಗುತ್ತಿದೆ. ಅಜ್ಜಿ ಒಂದು ಮಾತೂ ಬೈದಿಲ್ಲ. ಕುಂಕುಮದ ತಟ್ಟೆ ಮಾತ್ರ ಹಾಗೇ ದೇವರ ಮುಂದೆ ಇದೆ.

ಆ ಕಟ್ಟೆಯನ್ನು ಒಡೆಸಿ, ಅರುಣ್. ನನ್ನ ಹೆಸರು ಹೋದರೆ ಹೋಗಲಿ. ಸೋಮವಾರ ಕಡಲಿನ ಅಣೆಕಟ್ಟೆಯ ಕೊನೆಯ ನಕ್ಷೆ ಕೊಡುವ ಮೊದಲು, ಅಲ್ಲಿ ಗೇಟು ಎತ್ತುವ ಮನುಷ್ಯ ಯಾರೆಂದು ಹುಡುಕಿ ಅವರನ್ನೂ ಕೇಳಿ. ಬಿಸಿಲಲ್ಲಿ ಟೋಪಿ ಮರೆಯಬೇಡಿ. ಅಜ್ಜಿಯ ಆಶೀರ್ವಾದ ಇದರೊಳಗೇ ಮಡಚಿಟ್ಟಿದ್ದೇನೆ.

ನಿಮ್ಮವಳೇ ಆದ,
ರಂಜಿತ

ತಾ.ಕ.: ನಿಶ್ಚಿತಾರ್ಥವಾದ ವಾರ ವಿಡಿಯೊ ಕಾಲ್‌ನಲ್ಲಿ ನಕ್ಷೆ ತೋರಿಸಿ, “ಇಲ್ಲಿ ತೂಬಿದೆ, ಕಟ್ಟೆ ಸ್ವಲ್ಪ ಆಚೆ ಹಾಕ್ಲಾ?” ಎಂದು ನೀವು ಕೇಳಿದ್ದಿರಿ. “ಛೀ, ಆ ಹಳೇ ಕಲ್ಲು ಫೋಟೊದಲ್ಲಿ ಅಸಹ್ಯ ಕಾಣ್ಸುತ್ತೆ, ಮುಚ್ಚಿಬಿಡಿ” ಎಂದವಳು ನಾನು. ನೀವು ನಕ್ಕು ನಕ್ಷೆಯಿಂದ ತೂಬನ್ನು ಅಳಿಸಿದಿರಿ. “ಅವಳೇನ್ ಮಾಡಿದ್ಲು?” ಎಂದು ಅಜ್ಜಿ ಕೇಳಿದಾಗ, ನಾನು ಅವರದೇ ಸೀರೆಯುಟ್ಟು, ತಟ್ಟೆ ಹಿಡಿದು, ಸುಮ್ಮನೆ ನಿಂತಿದ್ದೆ.